ಐಡಲ್ ಏರಿಳಿಯುತ್ತಿರುವಾಗ ಬ್ಯಾಟರಿ ಕಳಚಬೇಡಿ

ಐಡಲ್‌ನಲ್ಲಿ, ಅಂದರೆ ಆಕ್ಸಿಲರೇಟರ್ ಒತ್ತದೆ ಕಾರು ನಿಂತಿರುವಾಗ, ಬಿಸಿಯಾದ ಎಂಜಿನ್ 700ರಿಂದ 1,500 ಆರ್‌ಪಿಎಂ (ನಿಮಿಷಕ್ಕೆ ಸುತ್ತುಗಳು) ನಡುವೆ ತೂಗಾಡುತ್ತಿದೆ, ಚೆಕ್ ಎಂಜಿನ್ ದೀಪವೂ ಉರಿಯುತ್ತಿದೆ, ಮೊದಲು ಐಡಲ್ ವೇಗವನ್ನು ಹಿಡಿತದಲ್ಲಿಡುವ ಐಡಲ್ ಕಂಟ್ರೋಲ್ ವಾಲ್ವ್ ಬದಲಿಸಲೋ ಎಂಜಿನ್ನಿಗೆ ಗಾಳಿ ಬಿಡುವ ಥ್ರಾಟಲ್ ಬಾಡಿ ಬದಲಿಸಲೋ ಎಂದು ಕೇಳಿದ್ದೀರಿ. ಸದ್ಯಕ್ಕೆ ಎರಡನ್ನೂ ಬದಲಿಸಬೇಡಿ. ನನ್ನ ಪೆಟ್ರೋಲ್ ಕಾರು ಮೂರು ತಿಂಗಳು ಹೀಗೆಯೇ ಕಾಡಿತ್ತು. ಸಿಗ್ನಲ್‌ನಲ್ಲಿ ನಿಂತರೆ ಆರ್‌ಪಿಎಂ ಮುಳ್ಳು ತಾನಾಗಿಯೇ ಮೇಲೇರಿ, ಥಟ್ಟನೆ ಕುಸಿದು, ಇನ್ನೇನು ಎಂಜಿನ್ ನಿಂತೇಹೋಯಿತು ಎನ್ನುವಷ್ಟರಲ್ಲಿ ಮತ್ತೆ ಏರುತ್ತಿತ್ತು.

ಆಗ ನಾನು ಮಾಡಿದ ತಪ್ಪು ಒಂದೇ. ಕಂಪ್ಯೂಟರ್ ರೀಸೆಟ್ ಆದರೆ ಸರಿಹೋಗುತ್ತದೆ ಎಂದು ಯಾರೋ ಹೇಳಿದ್ದನ್ನು ನಂಬಿ, ದೋಷದ ಕೋಡ್ ಓದುವ ಸ್ಕ್ಯಾನರ್ ಹಾಕಿ ನೋಡುವ ಮೊದಲೇ ಬ್ಯಾಟರಿಯ ನೆಗೆಟಿವ್ ಟರ್ಮಿನಲ್ ಕಳಚಿದೆ. ದೀಪ ಆರಿತು, ನನಗೆ ಸಮಾಧಾನವಾಯಿತು. ಆದರೆ ಆ ದೀಪದೊಂದಿಗೆ ಅಳಿಸಿಹೋದದ್ದೇನೆಂಬುದು ನನಗೆ ಗೊತ್ತಿರಲಿಲ್ಲ: ದೋಷದ ಕೋಡ್, ಅದು ದಾಖಲಾದ ಕ್ಷಣದಲ್ಲಿ ಎಂಜಿನ್ನಿನ ವೇಗ, ಲೋಡ್ ಮತ್ತು ಉಷ್ಣತೆ ಎಷ್ಟಿತ್ತೆಂಬ ವಿವರ, ಎಲ್ಲಕ್ಕಿಂತ ಮುಖ್ಯವಾಗಿ ಇಸಿಯು (ಎಂಜಿನ್ನಿನ ಕಂಪ್ಯೂಟರ್) ವಾರಗಟ್ಟಲೆ ಕಲಿತು ಇಟ್ಟುಕೊಂಡಿದ್ದ ಲಾಂಗ್ ಟರ್ಮ್ ಫ್ಯೂಯಲ್ ಟ್ರಿಮ್, ಅಂದರೆ ಪೆಟ್ರೋಲನ್ನು ಶೇಕಡಾ ಎಷ್ಟು ಹೆಚ್ಚು ಕಡಿಮೆ ಮಾಡಬೇಕೆಂಬ ತಿದ್ದುಪಡಿ. ಗಾಳಿ ಹೆಚ್ಚಾಗಿದೆ, ಅದಕ್ಕೆ ತಕ್ಕಂತೆ ನಾನು ಇಷ್ಟು ಪೆಟ್ರೋಲ್ ಹೆಚ್ಚಿಗೆ ಸುರಿಯುತ್ತಿದ್ದೇನೆ ಎಂದು ಎಂಜಿನ್ ಬರೆದಿಟ್ಟಿದ್ದ ಲೆಕ್ಕವನ್ನು ನಾನೇ ಒರೆಸಿ ಹಾಕಿದ್ದೆ. ಅಂಥ ಕೋಡ್ ಸಾಮಾನ್ಯವಾಗಿ ಒಂದೇ ಓಡಾಟಕ್ಕೆ ಮರಳುವುದಿಲ್ಲವಾದ್ದರಿಂದ ದೀಪ ಕೆಲವು ದಿನ ಆರಿಯೇ ಇತ್ತು. ಅಷ್ಟರಲ್ಲಿ ನಾನು ಹೊಸ ಐಡಲ್ ವಾಲ್ವ್ ಹಾಕಿಸಿದ್ದೆ. ದೀಪ ಉರಿಯದಿರುವುದಕ್ಕೆ ಅದೇ ಕಾರಣವೆಂದು ಭಾವಿಸಿದೆ. ದೀಪ ಮರಳಿದಾಗ ಹೊಸ ವಾಲ್ವೇ ದೋಷಪೂರಿತವೆಂದು ಇನ್ನೊಂದನ್ನು ತರಿಸಿದೆ.

ಕೊನೆಗೆ ಸ್ಕ್ಯಾನರ್ ಹಾಕಿದಾಗ ಸಿಕ್ಕಿದ್ದು ಪಿ0171, ಅಂದರೆ ಮಿಶ್ರಣದಲ್ಲಿ ಪೆಟ್ರೋಲ್ ಸಾಲದು ಎಂಬ ಕೋಡ್. ಲಾಂಗ್ ಟರ್ಮ್ ಟ್ರಿಮ್ ಐಡಲ್‌ನಲ್ಲಿ ಶೇ. 22ರಷ್ಟು ಹೆಚ್ಚಿತ್ತು, 2,500 ಆರ್‌ಪಿಎಂಗೆ ಏರಿಸಿ ಹಿಡಿದರೆ ಶೇ. 5ಕ್ಕೆ ಇಳಿಯುತ್ತಿತ್ತು. ಈ ವ್ಯತ್ಯಾಸದಲ್ಲೇ ಉತ್ತರವಿತ್ತು. ಐಡಲ್‌ನಲ್ಲಿ ಎಂಜಿನ್ ಎಳೆದುಕೊಳ್ಳುವ ಒಟ್ಟು ಗಾಳಿಯೇ ಕಡಿಮೆ, ಆದ್ದರಿಂದ ಸೆನ್ಸರ್ ಅಳೆಯದೆ ಕಳ್ಳದಾರಿಯಲ್ಲಿ ನುಸುಳುವ ಸ್ವಲ್ಪ ಗಾಳಿಯೂ ದೊಡ್ಡ ಪಾಲಾಗುತ್ತದೆ. ಥ್ರಾಟಲ್ ತೆರೆದಾಗ ಆ ಪಾಲು ಕುಗ್ಗುತ್ತದೆ. ಮುಳ್ಳು ತೂಗಾಡುವುದಕ್ಕೂ ಇದೇ ಮೂಲ: ನುಸುಳಿದ ಗಾಳಿಯಿಂದ ವೇಗ ಏರುತ್ತದೆ, ಥ್ರಾಟಲ್ ಮುಚ್ಚಿದ್ದರೂ ವೇಗ ಹೆಚ್ಚಾಗಿರುವುದನ್ನು ಕಂಡು ಇಸಿಯು ಪೆಟ್ರೋಲ್ ನಿಲ್ಲಿಸುತ್ತದೆ, ವೇಗ ಕುಸಿದೊಡನೆ ಮತ್ತೆ ಬಿಡುತ್ತದೆ.

ಸೋರಿಕೆ ಇದ್ದದ್ದು ಪಿಸಿವಿ ವಾಲ್ವಿನಿಂದ (ಎಂಜಿನ್ನಿನೊಳಗಿನ ಅನಿಲವನ್ನು ಮತ್ತೆ ಉರಿಯಲು ಕಳಿಸುವ ವಾಲ್ವ್) ಸಿಲಿಂಡರ್‌ಗಳಿಗೆ ಗಾಳಿ ಹಂಚುವ ಇನ್‌ಟೇಕ್ ಮ್ಯಾನಿಫೋಲ್ಡಿಗೆ ಹೋಗುವ ರಬ್ಬರ್ ಪೈಪಿನಲ್ಲಿ. ಮೇಲಿನಿಂದ ನೋಡಿದರೆ ಅದಕ್ಕೆ ಏನೂ ಆಗಿರಲಿಲ್ಲ. ತಿರುವಿನ ಅಡಿಭಾಗಕ್ಕೆ ಬೆರಳು ತಾಗಿಸಿದಾಗ ಎಣ್ಣೆಯಿಂದ ಮೆತ್ತಗಾದ ರಬ್ಬರ್ ಉಗುರಿನಷ್ಟು ಉದ್ದಕ್ಕೆ ಸೀಳಿದ್ದು ತಿಳಿಯಿತು. ಬೆರಳಿಂದ ಒತ್ತಿ ಮುಚ್ಚಿದೊಡನೆ ಸುಯ್ಯೆನ್ನುವ ಸದ್ದು ನಿಂತು ಮುಳ್ಳು 750ರಲ್ಲಿ ನೆಲೆಗೊಂಡಿತು. ಎರಡು ವಾಲ್ವ್‌ಗಳ ಮುಂದೆ ಆ ಪೈಪಿನ ಬೆಲೆ ಏನೇನೂ ಅಲ್ಲ.

ಆದ್ದರಿಂದ ನಿಮ್ಮ ಮುಂದಿರುವುದು ಯಾವ ಭಾಗ ಬದಲಿಸಬೇಕೆಂಬ ಪ್ರಶ್ನೆಯೇ ಅಲ್ಲ. ಬ್ಯಾಟರಿ ಮುಟ್ಟದೆ ಮೊದಲು ಕೋಡನ್ನೂ, ಬಿಸಿ ಎಂಜಿನ್ನಿನಲ್ಲಿ ಐಡಲ್ ಹಾಗೂ 2,500 ಎರಡರಲ್ಲೂ ಟ್ರಿಮ್‌ಗಳನ್ನೂ ಬರೆದುಕೊಳ್ಳಿ. ಟ್ರಿಮ್ ಸೊನ್ನೆಯ ಆಸುಪಾಸಿನಲ್ಲಿದ್ದರೆ ಥ್ರಾಟಲ್ ಬಾಡಿಯ ಮಸಿಯನ್ನು ಒರೆಸಿ ಐಡಲ್ ರೀಲರ್ನ್ (ಇಸಿಯುಗೆ ಐಡಲ್ ಅನ್ನು ಹೊಸದಾಗಿ ಕಲಿಸುವುದು) ಮಾಡಿಸಿದರೆ ಎಷ್ಟೋ ಸಲ ಸಾಕಾಗುತ್ತದೆ. ನನ್ನ ಕಾರಿನಂತೆ ಐಡಲ್‌ನಲ್ಲಿ ಮಾತ್ರ ಹೆಚ್ಚಿದ್ದರೆ ಪಿಸಿವಿ ಪೈಪ್, ಬ್ರೇಕ್ ಬೂಸ್ಟರ್ ಪೈಪ್, ಮ್ಯಾನಿಫೋಲ್ಡ್ ಗ್ಯಾಸ್ಕೆಟ್‌ಗಳನ್ನು ಹೊಗೆ ಬಿಟ್ಟು ಪರೀಕ್ಷಿಸುವವರ ಬಳಿ ಕೊಂಡೊಯ್ಯಿರಿ. ಕ್ಲೀನರ್ ಸಿಂಪಡಿಸಿ ಸೋರಿಕೆ ಹುಡುಕುವ ಪದ್ಧತಿಯನ್ನು ನಾನು ಒಪ್ಪುವುದಿಲ್ಲ, ಏಕೆಂದರೆ ಕಾದ ಎಕ್ಸಾಸ್ಟ್ ಮೇಲೆ ಬಿದ್ದರೆ ಅದಕ್ಕೆ ಬೆಂಕಿ ಹತ್ತಿಕೊಳ್ಳಬಹುದು. ಆ ಸಂಖ್ಯೆಗಳು ಸಿಕ್ಕಿದರೆ ಇಲ್ಲೇ ಬರೆಯಿರಿ, ನೋಡಿ ಹೇಳುತ್ತೇನೆ.