ಚುಕ್ಕೆ ಬಿದ್ದ ಎಲೆ ಸುಮ್ನೆ ಕೂತಿಲ್ಲ

ಪ್ರಶ್ನೆ: ತಿಕೋಟಾ ಹತ್ತಿರ ಎರಡು ಎಕರೆ ಥಾಮ್ಸನ್ ಸೀಡ್‌ಲೆಸ್ ದ್ರಾಕ್ಷಿ ಇದೆ. ಏಪ್ರಿಲ್ ಚಾಟ್ನಿ (ಬಳ್ಳಿ ಕತ್ತರಿಸೋದು) ಆದ ಮೇಲೆ ಎಲೆ ಚೆನ್ನಾಗಿ ಬಂದಿತ್ತು. ಜೂನ್ ಮಳೆ ಬಿದ್ದ ಮೇಲೆ ಸಣ್ಣ ಕಪ್ಪು ಚುಕ್ಕೆ ಶುರುವಾದವು. ದಾವಣಿ (ಬೂಸಿನ ರೋಗ) ಅಂತ ಎರಡು ಸಲ ಔಷಧ ಹೊಡೆದೆ, ನಿಲ್ಲಲಿಲ್ಲ. ಬ್ಯಾಕ್ಟೀರಿಯಾ ಅಂತಾರೆ. ಬಳ್ಳಿಗೆ ತಾನೇ ತಡೆದುಕೊಳ್ಳೋ ಶಕ್ತಿ ಇಲ್ವಾ ಸರ್?

ಉತ್ತರ: ಇದೆ, ಆದರೆ ಥಾಮ್ಸನ್‌ಗೆ ಸಾಲದು.

ಮೊದಲು ಒಂದು ಎಲೆ ಕಿತ್ತು ಬಿಸಿಲಿಗೆ ಹಿಡಿಯಿರಿ. ಚುಕ್ಕೆ ನರಗಳ ನಡುವೆ ಮೂಲೆ ಮೂಲೆಯಾಗಿದ್ದು, ಸುತ್ತ ಹಳದಿ ಬಳೆ ಇದ್ದು, ಎಲೆ ಕೆಳಗೆ ದಾವಣಿಯ ಬಿಳಿ ಬೂಸು ಇಲ್ಲ ಅಂದರೆ ಕ್ಸಾಂಥೊಮೊನಾಸ್ ಅನ್ನೋ ಬ್ಯಾಕ್ಟೀರಿಯಾ ಮೇಲೆ ಅನುಮಾನ ಪಡಿ. ದಾಳಿಂಬೆಗೆ ಅಂಗಮಾರಿ ತರುತ್ತದಲ್ಲ, ಅದರ ದಾಯಾದಿ ಇದು. ದ್ರಾಕ್ಷಿಯಲ್ಲಿ ಇದು ಮೊದಲು ವರದಿಯಾದದ್ದು ನಮ್ಮ ದೇಶದಲ್ಲೇ, 1972ರಲ್ಲಿ. ಖಾತ್ರಿಗೆ ಎಲೆಯನ್ನು ಬಾಗಲಕೋಟೆ ತೋಟಗಾರಿಕೆ ವಿಶ್ವವಿದ್ಯಾಲಯಕ್ಕೆ ಒಯ್ದು ತೋರಿಸಿ.

ಗಿಡಕ್ಕೆ ರಕ್ತ ಇಲ್ಲ, ಓಡಾಡಿ ಕಾಯೋ ಕಣಗಳೂ ಇಲ್ಲ. ಪ್ರತಿ ಜೀವಕೋಶವೂ ತನ್ನ ಮನೆ ತಾನೇ ಕಾಯಬೇಕು. ಬ್ಯಾಕ್ಟೀರಿಯಾ ಈಜುವ ಬಾಲದ ಪ್ರೋಟೀನ್ ಗುರುತು ಸಿಕ್ಕ ಕೂಡಲೇ ಎಲೆ ತನ್ನ ಸೂಕ್ಷ್ಮ ರಂಧ್ರ ಮುಚ್ಚಲು ನೋಡುತ್ತದೆ, ಕೋಶದ ಗೋಡೆ ದಪ್ಪ ಮಾಡುತ್ತದೆ, ರೆಸ್ವೆರಾಟ್ರಾಲ್‌ನಂಥ ರಾಸಾಯನಿಕ ತಯಾರಿಸುತ್ತದೆ. ಕೆಲವು ಸಲ ಸೋಂಕಿನ ಸುತ್ತಲ ಕೋಶಗಳು ತಾವಾಗೇ ಸಾಯುತ್ತವೆ. ಕಬ್ಬಿಗೆ ಬೆಂಕಿ ಬಿದ್ದಾಗ ಮುಂದಿನ ನಾಲ್ಕು ಸಾಲು ನಾವೇ ಕಡಿದು ಹಾಕ್ತೀವಲ್ಲ, ಅದೇ ಲೆಕ್ಕ. ಆದರೆ ಈ ಬ್ಯಾಕ್ಟೀರಿಯಾ ಕಳ್ಳ. ಸೂಜಿಯಂಥ ಕೊಳವೆಯಿಂದ ತನ್ನ ಪ್ರೋಟೀನುಗಳನ್ನು ಕೋಶದೊಳಗೆ ಚುಚ್ಚಿ ಕಾವಲುಗಾರನನ್ನೇ ಮಲಗಿಸುತ್ತದೆ. ನಿಮ್ಮ ತೋಟದಲ್ಲಿ ಚುಕ್ಕೆ ಹರಡಿದೆ ಅಂದರೆ ಬಳ್ಳಿ ತಡವಾಗಿ ಎಚ್ಚೆತ್ತಿದೆ.

ಜಾಸ್ತಿ ತಡೆದರೂ ಕಷ್ಟ ನೋಡಿ. ಕ್ಯಾಲಿಫೋರ್ನಿಯಾದಲ್ಲಿ ಕ್ಸೈಲೆಲ್ಲಾ ಅನ್ನೋ ಬ್ಯಾಕ್ಟೀರಿಯಾ ನೀರಿನ ನಾಳ ಸೇರಿದಾಗ ಬಳ್ಳಿ ಆ ನಾಳಕ್ಕೆ ತಾನೇ ಬಿರಡೆ ಹಾಕಿಕೊಳ್ಳುತ್ತದೆ, ಆಮೇಲೆ ನೀರು ಏರದೆ ಒಣಗುತ್ತದೆ.

ಹಾಗಾಗಿ ಬಳ್ಳಿಗೆ ಸ್ವಲ್ಪ ಬಿಡುವು ಸಿಗೋ ಹಾಗೆ ಮಾಡಿ. ಎಲೆ ಒದ್ದೆ ಇದ್ದಾಗ ಆಳುಗಳನ್ನು ತೋಟಕ್ಕೆ ಬಿಡಬೇಡಿ. ಚುಕ್ಕೆ ಬಿದ್ದ ಕುಡಿ ಕತ್ತರಿಸಿ ಸುಡಿ, ಬದುವಿಗೆ ಎಸೆಯಬೇಡಿ. ಯೂರಿಯಾ ಕಮ್ಮಿ ಮಾಡಿ, ಮೆತ್ತಗಿನ ಚಿಗುರು ಅದಕ್ಕೆ ಹಬ್ಬದೂಟ. ತಾಮ್ರದ ಔಷಧ ಎಲೆ ಮೇಲಿರೋದನ್ನು ಮಾತ್ರ ಕೊಲ್ಲುತ್ತದೆ, ಒಳಗೆ ಹೊಕ್ಕಿದ್ದನ್ನಲ್ಲ, ಅದಕ್ಕೇ ಮಳೆಗೆ ಮುಂಚೆ ಹೊಡೆಯಬೇಕು. ಅಂಗಡಿಯವರು ಸ್ಟ್ರೆಪ್ಟೋಮೈಸಿನ್ ಅನ್ನೋ ಆ್ಯಂಟಿಬಯಾಟಿಕ್ ಪುಡಿ ಕೊಟ್ಟರೆ ಬೇಡ ಅನ್ನಿ. ಬೆಳೆಗೆ ಅದರ ಬಳಕೆ ಹಂತ ಹಂತವಾಗಿ ನಿಲ್ಲಿಸಲು ಕೇಂದ್ರ ಸರ್ಕಾರ 2021ರಲ್ಲೇ ಆದೇಶ ಮಾಡಿದೆ. ಅಕ್ಟೋಬರ್ ಚಾಟ್ನಿಗೆ ರೋಗದ ಸಾಲುಗಳನ್ನು ಕೊನೆಗೆ ಇಟ್ಟುಕೊಳ್ಳಿ, ಕತ್ತರಿಯನ್ನು ಆಗಾಗ ಸ್ಪಿರಿಟ್ಟಿನಲ್ಲಿ ಅದ್ದಿ.