ಮಗಳನ್ನು ಕಾಸರಗೋಡಿನ ಕನ್ನಡ ಶಾಲೆಗೆ ಸೇರಿಸುವವರಿಗೆ

ತುಮಕೂರಿನಿಂದ ಕಾಸರಗೋಡಿಗೆ ವರ್ಗವಾಗಿ ಬರುತ್ತಿದ್ದೀರಿ. ಮಗಳು ಎಂಟನೇ ಕ್ಲಾಸು, ಕನ್ನಡ ಮಾಧ್ಯಮ. ಕೇರಳದ ಸರಕಾರಿ ಶಾಲೆಗಳೆಲ್ಲ ಹೈಟೆಕ್ ಅಂತಾರಲ್ಲ, ಅದು ಕನ್ನಡ ಮಕ್ಕಳಿಗೂ ಸಿಗುತ್ತದಾ ಅಂತ ಕೇಳಿದ್ದೀರಿ. ಸಿಗುತ್ತದೆ. ಮಷೀನಿನ ವಿಷಯದಲ್ಲಿ ನಮಗೆ ಭೇದ ಮಾಡಿಲ್ಲ, ಅದನ್ನು ಒಪ್ಪಲೇಬೇಕು. ನಮ್ಮ ತಕರಾರು ಬೇರೆ. ಆ ಮಷೀನಿನಲ್ಲಿ ಏನು ಓಡುತ್ತದೆ, ಅದರ ಪಕ್ಕ ಯಾರು ನಿಂತು ಪಾಠ ಮಾಡುತ್ತಾರೆ ಅನ್ನುವುದು.

ಇಲ್ಲಿ ಕಂಪ್ಯೂಟರ್ ನಿನ್ನೆ ಮೊನ್ನೆ ಬಂದದ್ದಲ್ಲ. ಐಟಿ ಅಟ್ ಸ್ಕೂಲ್ ಅಂತ 2001ರಲ್ಲೇ ಶುರುವಾಯಿತು. 2017ರಲ್ಲಿ ಅದೇ 'ಕೈಟ್' ಅನ್ನುವ ಸರಕಾರಿ ಕಂಪನಿಯಾಯಿತು. 2018ರಿಂದ ರಾಜ್ಯದ ಮೂಲಸೌಕರ್ಯ ನಿಧಿ 'ಕಿಫ್ಬಿ'ಯ ದುಡ್ಡಿನಲ್ಲಿ ಎಂಟರಿಂದ ಹನ್ನೆರಡರವರೆಗಿನ 45,000 ಕ್ಲಾಸ್‌ರೂಮುಗಳಿಗೆ ಲ್ಯಾಪ್‌ಟಾಪ್, ಪ್ರೊಜೆಕ್ಟರ್, ಸ್ಪೀಕರ್ ಕೊಟ್ಟರು. ಸುಮ್ನೆ ಕೊಡಲಿಲ್ಲ. ಮೊದಲು ರೂಮು ಸರಿ ಮಾಡಿಕೊಳ್ಳಿ, ವಯರಿಂಗ್ ಮಾಡಿಸಿ, ಬೀಗ ಹಾಕುವ ಬಾಗಿಲು ಇಡಿಸಿ ಅಂದರು. ಆಗ ಎಷ್ಟೋ ಕಡೆ ಪೋಷಕ-ಶಿಕ್ಷಕ ಸಂಘದವರು (ಪಿಟಿಎ), ಹಳೇ ವಿದ್ಯಾರ್ಥಿಗಳು, ಗಲ್ಫಿನಲ್ಲಿರುವ ಊರವರು ಕೈಯಿಂದ ದುಡ್ಡು ಹಾಕಿದ್ದಾರೆ. ಹಾಗಾಗಿ ಊರಿನವರಿಗೆ ಆ ರೂಮಿನ ಮೇಲೆ ಸ್ವಲ್ಪ ಜಾಸ್ತಿಯೇ ಅಭಿಮಾನ. 2020ರ ಅಕ್ಟೋಬರ್ 12ಕ್ಕೆ ಮುಖ್ಯಮಂತ್ರಿ ಪಿಣರಾಯಿ ವಿಜಯನ್, ಸರಕಾರಿ ಶಿಕ್ಷಣ ಪೂರ್ತಿ ಡಿಜಿಟಲ್ ಆದ ಮೊದಲ ರಾಜ್ಯ ನಮ್ಮದು ಅಂತ ಘೋಷಿಸಿದರು. 2023-24ರ ಕೇಂದ್ರ ಸರಕಾರದ ಯುಡೈಸ್ ಅನ್ನುವ ಶಾಲಾ ಅಂಕಿಅಂಶದ ಲೆಕ್ಕದಲ್ಲೂ ಇಡೀ ದೇಶದ ಶಾಲೆಗಳಲ್ಲಿ ಇಂಟರ್ನೆಟ್ ಇದ್ದದ್ದು ನೂರಕ್ಕೆ 53.9ರಲ್ಲಿ ಮಾತ್ರ. ಹಾಗೆ ನೋಡಿದರೆ ನಿಮ್ಮ ಮಗಳು ಬರುತ್ತಿರುವುದು ಒಳ್ಳೆ ಜಾಗಕ್ಕೇ.

ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ಇಲ್ಲಿ ಲ್ಯಾಬಿನಲ್ಲಿ ವಿಂಡೋಸ್ ಇರುವುದಿಲ್ಲ. ಉಬುಂಟು ಮೇಲೆ ಕಟ್ಟಿದ, ಕೈಟ್‌ನವರದ್ದೇ ಲಿನಕ್ಸ್. ಟೈಪಿಂಗ್ ಕಲಿಸುವುದು ಇನ್‌ಸ್ಕ್ರಿಪ್ಟ್‌ನಲ್ಲಿ, ಅಂದರೆ ಭಾರತೀಯ ಭಾಷೆಗಳಿಗೆ ಅಂತಲೇ ಮಾಡಿದ ಕೀಲಿಮಣೆ ಜೋಡಣೆಯಲ್ಲಿ. ನುಡಿ, ಬರಹ ಅಭ್ಯಾಸ ಆದವರಿಗೆ ಮೊದಲ ವಾರ ಕೈ ಕಟ್ಟಿಹಾಕಿದ ಹಾಗಾಗುತ್ತದೆ. ಆದರೆ ಅದರಲ್ಲೊಂದು ಮಜಾ ಇದೆ. ಕುಂಬಳೆ, ಮಂಜೇಶ್ವರ ಕಡೆ ಎಷ್ಟೋ ಶಾಲೆಗಳಲ್ಲಿ ಕನ್ನಡ, ಮಲಯಾಳ ಎರಡೂ ಡಿವಿಜನ್ ಇರುತ್ತವೆ, ಲ್ಯಾಬು ಒಂದೇ. ಇನ್‌ಸ್ಕ್ರಿಪ್ಟ್‌ನಲ್ಲಿ ಎರಡು ಭಾಷೆಗೂ ಕೀಲಿಗಳು ಅವೇ. ಕೆ, ಡಿ, ಜೆ ಒತ್ತಿದರೆ ಕನ್ನಡದ ಹುಡುಗಿಗೆ 'ಕ್ರ' ಬರುತ್ತದೆ. ಪಕ್ಕದ ಮಲಯಾಳಿ ಹುಡುಗ ಅದೇ ಮೂರು ಕೀಲಿ ಒತ್ತಿದರೆ ಅವನ ಲಿಪಿಯ 'ಕ್ರ'. "ನಿನ್ನ ಬೆರಳೂ ನನ್ನ ಬೆರಳೂ ಒಂದೇ ಕಡೆ ಹೋಗ್ತದಲ್ಲ" ಅಂತ ಮಕ್ಕಳು ಪಂಥ ಕಟ್ಟಿ ಟೈಪ್ ಮಾಡುತ್ತಾರೆ. ಗಡಿ ಜಗಳ ಮಾಡುವ ದೊಡ್ಡವರನ್ನು ಒಂದು ಪೀರಿಯಡ್ ಅಲ್ಲಿ ಕೂರಿಸಬೇಕು ಅಂತ ನನಗೆ ಅನಿಸುವುದುಂಟು.

ಇನ್ನು ತಕರಾರಿಗೆ ಬರೋಣ. ಐಸಿಟಿ, ಅಂದರೆ ಕಂಪ್ಯೂಟರ್ ಪಾಠದ ಪುಸ್ತಕ ಕನ್ನಡದಲ್ಲಿದೆ. ಆದರೆ ಟೀಚರ್‌ಗಳು ಪಾಠಕ್ಕೆ ಬಳಸುವ 'ಸಮಗ್ರ' ಪೋರ್ಟಲಿಗೆ ಹೋದರೆ ವಿಡಿಯೋ, ಚಟುವಟಿಕೆ ಮಲಯಾಳದಲ್ಲಿ ಸಿಕ್ಕಷ್ಟು ಕನ್ನಡದಲ್ಲಿ ಸಿಗುವುದಿಲ್ಲ. ಮಾಷ್ಟ್ರು ಮಲಯಾಳ ವಿಡಿಯೋದ ಸೌಂಡ್ ಬಂದ್ ಮಾಡಿ, ಚಿತ್ರ ಓಡಿಸುತ್ತಾ ತಾವೇ ಕನ್ನಡದಲ್ಲಿ ವಿವರಿಸುತ್ತಾರೆ. ಒಳ್ಳೆ ಮಾಷ್ಟ್ರಾದರೆ ಅದೇ ಚೆನ್ನಾಗಿರುತ್ತದೆ ಅನ್ನಿ. ಲಾಕ್‌ಡೌನಿನಲ್ಲೂ ಇದೇ ಕತೆ. 2020ರ ಜೂನ್ 1ಕ್ಕೆ 'ಫಸ್ಟ್ ಬೆಲ್' ಅನ್ನುವ ಆನ್‌ಲೈನ್ ಪಾಠಗಳು ಕೈಟ್‌ನದ್ದೇ ಆದ ವಿಕ್ಟರ್ಸ್ ಟಿವಿ ಚಾನೆಲಿನಲ್ಲಿ ಶುರುವಾದವು, ಮಲಯಾಳದಲ್ಲಿ. ಕನ್ನಡದ ಪಾಠಗಳನ್ನು ಇಲ್ಲಿಯೇ ರೆಕಾರ್ಡ್ ಮಾಡಿ ಕೈಟ್ ಕಾಸರಗೋಡಿನ ಯೂಟ್ಯೂಬಿಗೆ ಹಾಕಿದರು. ಟಿವಿ ಇದ್ದರೆ ಸಾಕು ಅನ್ನುವ ಅನುಕೂಲ ಮಲಯಾಳಿ ಮಕ್ಕಳಿಗೆ. ನಮ್ಮ ಮಕ್ಕಳಿಗೆ ಫೋನೂ ಬೇಕು, ರೇಂಜೂ ಬೇಕು. ಎಣ್ಮಕಜೆ, ದೇಲಂಪಾಡಿ ಕಡೆ ಗುಡ್ಡದ ತಗ್ಗಿನಲ್ಲಿ ಮನೆ ಇದ್ದವರಿಗೆ ರೇಂಜ್ ಅಂದರೆ ಅಂಗಳ ದಾಟಿ ಮೇಲೆ ಹತ್ತಿದರೆ ಸಿಗುವ ವಸ್ತು. ಕೆಲವು ಕಡೆ ಫೋನಿಗೆ ಕರ್ನಾಟಕದ ಟವರೇ ಗತಿ.

ಶಾಲೆಗೆ ಬ್ರಾಡ್‌ಬ್ಯಾಂಡ್ ಇದೆ. 2023ರ ಜೂನಿನಲ್ಲಿ ಕೆ-ಫೋನ್ ಅನ್ನುವ ರಾಜ್ಯ ಸರಕಾರದ ಇಂಟರ್ನೆಟ್ ಜಾಲ ಕೂಡ ಉದ್ಘಾಟನೆ ಆಯಿತು. ಬಡವರ 20 ಲಕ್ಷ ಮನೆಗಳಿಗೆ ಉಚಿತ ಇಂಟರ್ನೆಟ್ ಅನ್ನುವುದು ಅದರ ಮಾತು. ನಮ್ಮ ಪಂಚಾಯತಿನಲ್ಲಿ ಆ ಕನೆಕ್ಷನ್ ಇರುವ ಮನೆ ನಾನಂತೂ ನೋಡಿಲ್ಲ. ಮತ್ತೆ ಇಲ್ಲಿನ ಸಿಡಿಲು ನಿಮಗೆ ಗೊತ್ತಿರಲಿಕ್ಕಿಲ್ಲ. ತುಲಾ ತಿಂಗಳಲ್ಲಿ (ಅಕ್ಟೋಬರ್-ನವೆಂಬರ್) ಮಧ್ಯಾಹ್ನ ಮೋಡ ಕಟ್ಟಿದರೆ ಟೀಚರ್ ಪಾಠ ನಿಲ್ಲಿಸಿ ಮೊದಲು ಪ್ಲಗ್ ಎಳೆಯುತ್ತಾರೆ, ಆಮೇಲೆ ಫೋನ್ ವಯರು. ಒಂದು ಸಿಡಿಲಿಗೆ ಮೊಡೆಮ್ ಹೋದರೆ ಹೊಸದು ಬರುವವರೆಗೆ ಹೈಟೆಕ್ ರೂಮಿನಲ್ಲೂ ಕರಿಹಲಗೆಯೇ.

ಇದೆಲ್ಲ ಹೇಗೋ ನಡೆಯುತ್ತದೆ. ನಡೆಯದೆ ಇರುವುದು ಕನ್ನಡ ಬಾರದ ಟೀಚರನ್ನು ಕನ್ನಡ ಡಿವಿಜನಿಗೆ ಹಾಕಿದಾಗ. ಇಲ್ಲಿ ಅದು ಆಗಿದೆ, ಮಕ್ಕಳು, ಪೋಷಕರು ಧರಣಿ ಕೂತದ್ದೂ ಆಗಿದೆ. ಗಣಿತ ಅರ್ಥವಾಗದಿದ್ದರೆ ಪ್ರೊಜೆಕ್ಟರ್ ತೆಗೆದುಕೊಂಡು ಏನು ಮಾಡುವುದು? ಲ್ಯಾಪ್‌ಟಾಪ್ ಟೆಂಡರ್ ಕರೆದರೆ ಬರುತ್ತದೆ. ಕನ್ನಡದ ಗಣಿತ ಟೀಚರ್ ಪೋಸ್ಟಿಗೆ ರ‍್ಯಾಂಕ್ ಲಿಸ್ಟ್, ಕೋರ್ಟು, ವರ್ಗಾವಣೆ ಅಂತ ವರ್ಷ ಕಳೆಯುತ್ತದೆ.

ಹಾಗಾಗಿ ಅಡ್ಮಿಷನ್‌ಗೆ ಹೋದಾಗ ಲ್ಯಾಬು ಆಮೇಲೆ ನೋಡಿ. ಹೆಡ್‌ಮಾಷ್ಟ್ರ ಹತ್ತಿರ ಮೊದಲು ಇದನ್ನು ಕೇಳಿ: ಕನ್ನಡ ಡಿವಿಜನಿಗೆ ಗಣಿತ, ವಿಜ್ಞಾನ, ಸಮಾಜಕ್ಕೆ ಯಾರಿದ್ದಾರೆ, ಖಾಯಮ್ಮಾ ಡೈಲಿ ವೇಜಾ, ಕನ್ನಡದಲ್ಲಿ ಓದಿದವರಾ? ಮನೆಯಲ್ಲಿ ಹಳೇ ಲ್ಯಾಪ್‌ಟಾಪ್ ಇದ್ದರೆ ತನ್ನಿ. ಕೈಟ್‌ನ ಲಿನಕ್ಸ್ ಪುಕ್ಕಟೆ, ಶಾಲೆಯಲ್ಲೇ ಯಾರಾದರೂ ಹಾಕಿಕೊಡುತ್ತಾರೆ. 'ಲಿಟ್ಲ್ ಕೈಟ್ಸ್' ಅಂತ ಮಕ್ಕಳದ್ದೇ ಒಂದು ಐಟಿ ಕ್ಲಬ್ ಇದೆ, ಸೇರಲು ಎಂಟನೇ ಕ್ಲಾಸಿನಲ್ಲೇ ಪರೀಕ್ಷೆ ಬರೆಯಬೇಕು. ಆ ತಾರೀಕನ್ನು ಮಾತ್ರ ತಪ್ಪಿಸಬೇಡಿ.