ಡ್ರಾಫ್ಟ್ ಜೆಎಸ್ಆರ್ (ಜಾವಾಕ್ಕೆ ಹೊಸ ಸ್ಪೆಕ್, ಅಂದರೆ ನಿಯಮಪಟ್ಟಿ, ಸೇರಿಸುವ ಪ್ರಸ್ತಾವದ ಕರಡು) ನೋಡಿ ಬರೆದ ಲೈಬ್ರರಿಗೆ ಅಪಾಚೆ ಲೈಸೆನ್ಸ್ ಹಾಕಲೋ, ಎಂಐಟಿ ಹಾಕಲೋ? ಸ್ಪೆಕ್ ಎರಡು ತಿಂಗಳಲ್ಲಿ ಅಂತಿಮವಾಗುತ್ತದೆ.

ಯಾವುದನ್ನಾದರೂ ಹಾಕಿ ಮಾರಾಯ್ರೆ, ಈ ವಿಷಯದಲ್ಲಿ ಏನೂ ವ್ಯತ್ಯಾಸವಾಗುವುದಿಲ್ಲ. ಶಿರಸಿಯಲ್ಲಿ ಕೂತು ನಾನೂ ಇದೇ ಪ್ರಶ್ನೆಗೆ ಎರಡು ದಿನ ಹಾಳು ಮಾಡಿದ್ದೆ. ನಿಮ್ಮನ್ನು ಕಟ್ಟಿಹಾಕುವುದು ಇನ್ನೊಂದು ಲೈಸೆನ್ಸ್: ಡ್ರಾಫ್ಟ್ ಇಳಿಸಿಕೊಳ್ಳುವಾಗ 'ಒಪ್ಪಿದೆ' ಎಂದು ಒತ್ತಿ ದಾಟಿಬಿಡುತ್ತೇವಲ್ಲ, ಅದು.

ಅಡಕೆ ವ್ಯಾಪಾರದ ತೂಕ-ಬಿಲ್ಲಿಗೆಂದು ಒಂದು ಅರ್ಲಿ ಡ್ರಾಫ್ಟ್ ಹಿಡಿದು ಲೈಬ್ರರಿ ಬರೆದೆ. ಅಪಾಚೆ 2.0 ಹಾಕಿದೆ, ಪ್ರತಿ ಫೈಲಿನ ತಲೆಗೆ ಹೆಡರ್ ಇತ್ತು, ರೀಡ್‌ಮಿಯಲ್ಲಿ 'ಇದು ಡ್ರಾಫ್ಟ್ ಆಧಾರಿತ' ಎಂಬ ಸಾಲೂ ಇತ್ತು. ಆಮೇಲೆ 1.0.0 ಎಂದು ನಂಬರ್ ಕೊಟ್ಟು, ಜಾವಾ ಲೈಬ್ರರಿಗಳ ಸಾರ್ವಜನಿಕ ಉಗ್ರಾಣವಾದ ಮೇವನ್ ಸೆಂಟ್ರಲ್‌ಗೆ ಏರಿಸಿದೆ. ಕೆಟ್ಟದ್ದು ಅಲ್ಲೇ.

ಜಾರ್ (ಲೈಬ್ರರಿಯನ್ನು ಕಟ್ಟಿದ ಫೈಲು) ಎಳೆದುಕೊಳ್ಳುವವನು ರೀಡ್‌ಮಿ ನೋಡುವುದಿಲ್ಲ. ಯಾವ ಲೈಬ್ರರಿ ಬೇಕೆಂದು ಬರೆಯುವ ಪಾಮ್ ಫೈಲಿನಲ್ಲಿ ನಾಲ್ಕು ಸಾಲು ಬರೆದರೆ ಅವನ ಕೆಲಸ ಮುಗಿಯಿತು. ಇದು ಚಾಲಿ ಅಡಕೆ, ಇದು ರಾಶಿ ಅಡಕೆ ಅಂತ ಚೀಟಿ ಬರೆದು ಗೋದಾಮಿನ ಬಾಗಿಲಿಗೆ ಅಂಟಿಸಿ, ಚೀಲಗಳನ್ನು ಹಾಗೇ ಲಾರಿಗೆ ಹತ್ತಿಸಿದ ಹಾಗಾಯಿತು ನನ್ನದು. 1.0.0 ನೋಡಿದವರು ಇದು ಪಕ್ಕಾ ಆಗಿದೆ ಎಂದುಕೊಂಡು ಪ್ರೊಡಕ್ಷನ್‌ಗೆ ಹಾಕಿಕೊಂಡರು. ಅಂತಿಮ ಸ್ಪೆಕ್‌ನಲ್ಲಿ ಎರಡು ಮೆಥಡ್‌ಗಳ ಹೆಸರು ಬದಲಾಯಿತು. ಡ್ರಾಫ್ಟ್‌ನ ಕ್ಲಾಸ್ ಮತ್ತು ಅಂತಿಮ ಕ್ಲಾಸ್ ಎರಡಕ್ಕೂ ಪೂರ್ಣ ಹೆಸರು ಒಂದೇ. ಜಾವಾ ಕ್ಲಾಸ್‌ಗಳನ್ನು ಹುಡುಕುವ ಪಟ್ಟಿಯಾದ ಕ್ಲಾಸ್‌ಪಾತ್‌ನಲ್ಲಿ ಯಾವ ಜಾರ್ ಮೊದಲು ಸಿಕ್ಕಿತೋ ಅದೇ ಲೋಡ್ ಆಗುತ್ತದೆ. ಕಂಪೈಲ್ ಆದದ್ದು ಓಡುವಾಗ 'ಅಂಥ ಮೆಥಡ್ ಇಲ್ಲ' ಎಂದು ಬೀಳುತ್ತದೆ. ಸಾಲದ್ದಕ್ಕೆ ಕ್ವಿಂಟಲ್ ಲೆಕ್ಕದ ನನ್ನದೇ ಕ್ಲಾಸೊಂದನ್ನು ಅಧಿಕೃತ ಸ್ಪೆಕ್‌ಗಳಿಗೆ ಮೀಸಲಾದ ಜಾವಾಎಕ್ಸ್ ಪ್ಯಾಕೇಜಿನೊಳಗೇ ತೂರಿಸಿದ್ದೆ. ಬರೀ 'ಜಾವಾ' ಚುಕ್ಕಿಯಿಂದ ಶುರುವಾಗುವ ಪ್ಯಾಕೇಜನ್ನು ಕ್ಲಾಸ್‌ಲೋಡರ್ ತಡೆಯುತ್ತದೆ, ಜಾವಾಎಕ್ಸ್ ಅನ್ನು ತಡೆಯುವುದಿಲ್ಲ. ಹಾಗಾಗಿ ಎಚ್ಚರಿಸುವವರು ಯಾರೂ ಇಲ್ಲ.

ಆ ಡ್ರಾಫ್ಟ್ ಲೈಸೆನ್ಸ್ ಹೇಳುವುದು ಇಷ್ಟು. ಪರೀಕ್ಷೆಗೆ, ಮೌಲ್ಯಮಾಪನಕ್ಕೆ ಮಾತ್ರ ಹಂಚಬಹುದು. ಜಾವಾ, ಜಾವಾಎಕ್ಸ್ ಹೆಸರಿನಡಿ ಕೂಡಿಸುವುದು ಕಳೆಯುವುದು ಮಾಡಬಾರದು. ನಿಮ್ಮ ಕೈಯಲ್ಲಿರುವ ಪ್ರತಿ ಡೌನ್‌ಲೋಡ್ ಲಿಂಕಿನ ಪಕ್ಕದಲ್ಲೂ ಅನ್‌ಟೆಸ್ಟೆಡ್, ಅರ್ಲಿ ಆಕ್ಸೆಸ್, ಇನ್‌ಕಂಪ್ಯಾಟಿಬಲ್, ಅನ್‌ಸ್ಟೇಬಲ್, ಬೀಟಾ, ಈ ಐದರಲ್ಲಿ ಒಂದು ಪದ ಎದ್ದು ಕಾಣಬೇಕು. 'ಇದು ಜಾವಾ ಕಮ್ಯೂನಿಟಿ ಪ್ರೊಸೆಸ್‌ನ ಆರಂಭಿಕ ಡ್ರಾಫ್ಟ್‌ನ ಅಳವಡಿಕೆ, ಅದರ ಯಾವ ಸ್ಪೆಕ್‌ಗೂ ಹೊಂದುವುದಿಲ್ಲ' ಎಂಬ ನೋಟಿಸ್ ಜೊತೆಗಿರಬೇಕು. ಇದರ ಇಂಗ್ಲಿಷ್ ಪಾಠವನ್ನು ನಿಮ್ಮ ಡ್ರಾಫ್ಟ್‌ನಿಂದಲೇ ಅಕ್ಷರಶಃ ನಕಲು ಮಾಡಿ. ಸ್ಪೆಕ್ ಲೀಡ್ (ಆ ಸ್ಪೆಕ್ ಮುನ್ನಡೆಸುವವರು) ಬದಲಾದರೆ ಪದಗಳೂ ಬದಲಾಗಬಹುದು. ಕೊನೆಯದು ಯಾರೂ ಓದದ ಷರತ್ತು: ಸ್ಪೆಕ್ ಅಂತಿಮವಾದ ಮೇಲೆ ಡ್ರಾಫ್ಟ್ ಅಳವಡಿಕೆಯ ಹಂಚಿಕೆಯನ್ನು ಆದಷ್ಟು ಬೇಗ ನಿಲ್ಲಿಸಬೇಕು, ಇಲ್ಲವಾದರೆ ಕೊಟ್ಟ ಅನುಮತಿಯೇ ರದ್ದು.

ಮೇವನ್ ಸೆಂಟ್ರಲ್‌ಗೆ ಹೋದ ರಿಲೀಸನ್ನು ಅಳಿಸಲು ಬರುವುದಿಲ್ಲ. ಅದು ಅಲ್ಲಿಯ ನಿಯಮ, ಒಳ್ಳೆಯ ನಿಯಮವೇ. ನಾನು ಹೊಸ ಹೆಸರಿನಲ್ಲಿ ಬೇರೆ ಆರ್ಟಿಫ್ಯಾಕ್ಟ್ ಮಾಡಿ, ಹಳೆಯ ಹೆಸರಿನಡಿ ರಿಲೊಕೇಶನ್ ಪಾಮ್ (ಹೊಸ ಹೆಸರಿಗೆ ದಾರಿ ತೋರಿಸುವ ಫೈಲು) ಮಾತ್ರ ಇಟ್ಟೆ. 1.0.0 ಇವತ್ತಿಗೂ ಅಲ್ಲೇ ಕೂತಿದೆ. ಆದ್ದರಿಂದ ಡ್ರಾಫ್ಟ್ ಇರುವಷ್ಟು ದಿನ, ಬದಲಾಗುತ್ತಲೇ ಇರುವ ತಾತ್ಕಾಲಿಕ ಆವೃತ್ತಿಯಾದ ಸ್ನ್ಯಾಪ್‌ಶಾಟ್ ಆಗಿ ಕೊಡಿ, ಇಲ್ಲವೇ ನೀವೇ ಅಳಿಸಬಲ್ಲ ಸ್ವಂತ ರೆಪೊದಲ್ಲಿಡಿ. 'ಎರಡು ತಿಂಗಳಲ್ಲಿ ಅಂತಿಮವಾಗುತ್ತದೆ' ಎಂದು ಬರೆದಿದ್ದೀರಿ. ಜೆಕ್ಯಾಶ್‌ನ ಜೆಎಸ್ಆರ್ 107 ಶುರುವಾದದ್ದು 2001ರಲ್ಲಿ, ಮುಗಿದದ್ದು 2014ರಲ್ಲಿ.

ಆವೃತ್ತಿಯ ಬಾಲಕ್ಕೆ 'ಬೀಟಾ' ಎಂದೇ ಹಾಕಿ, 'ಇಎ' (ಅರ್ಲಿ ಆಕ್ಸೆಸ್) ಬೇಡ. ಮೇವನ್‌ಗೆ ಬೀಟಾ ಗೊತ್ತು, 1.0.0ಕ್ಕಿಂತ ಹಿಂದೆ ಇಡುತ್ತದೆ. ಗುರುತಿಲ್ಲದ ಬಾಲವನ್ನು ಅದು 1.0.0ಕ್ಕಿಂತ ಹೊಸದೆಂದು ಎಣಿಸುತ್ತದೆ, ಅಂದರೆ ನಿಮ್ಮ ಡ್ರಾಫ್ಟ್ ಅಂತಿಮ ರಿಲೀಸನ್ನೇ ಹಿಂದೆ ಹಾಕುತ್ತದೆ.

ನೋಟಿಸ್ ಫೈಲನ್ನು ರಿಸೋರ್ಸಸ್ ಒಳಗಿನ ಮೆಟಾ-ಇನ್ಫ್ ಫೋಲ್ಡರಿನಲ್ಲಿಡಿ. ಮುಖ್ಯ ಜಾರ್‌ಗೂ ಸೋರ್ಸ್ ಜಾರ್‌ಗೂ ತಾನಾಗಿ ಸೇರುತ್ತದೆ. ಜಾವಾಡಾಕ್ ಜಾರ್‌ಗೆ ಸೇರುವುದಿಲ್ಲ, ಅದರ ಓವರ್‌ವ್ಯೂ ಪುಟದಲ್ಲಿ ಬೇರೆ ಬರೆಯಿರಿ. ಶೇಡ್ ಮಾಡಿ, ಅಂದರೆ ಹಲವು ಲೈಬ್ರರಿ ಬೆರೆಸಿ, ದೊಡ್ಡ ಜಾರ್ ಕಟ್ಟುವವರಾದರೆ ಒಂದೇ ಹೆಸರಿನ ನೋಟಿಸ್‌ಗಳು ಒಂದನ್ನೊಂದು ನುಂಗುತ್ತವೆ. ಅವನ್ನು ಒಂದಾಗಿಸುವ ಅಪಾಚೆ ನೋಟಿಸ್ ಟ್ರಾನ್ಸ್‌ಫಾರ್ಮರ್ ಹಾಕಿಕೊಳ್ಳಿ. ಏರಿಸುವ ಮೊದಲು ಜಾರ್ ಬಿಚ್ಚಿ ಕಣ್ಣಾರೆ ನೋಡಿ.

'ಪರೀಕ್ಷೆಗೆ ಮಾತ್ರ' ಎಂಬುದನ್ನು ಅಪಾಚೆ ಲೈಸೆನ್ಸಿನ ಪಠ್ಯದೊಳಗೆ ಸೇರಿಸಬೇಡಿ. ಬಳಕೆಗೆ ಮಿತಿ ಹಾಕಿದರೆ ಅದು ಓಪನ್ ಸೋರ್ಸ್ ಅಲ್ಲ. ನೋಟಿಸ್ ಫೈಲಿನಲ್ಲಿ ಬರೆದದ್ದು ಬರೀ ಮಾಹಿತಿ, ಲೈಸೆನ್ಸನ್ನು ತಿದ್ದುವುದಿಲ್ಲ ಎಂದು ಅಪಾಚೆ 2.0ರ 4ನೇ ವಿಧಿಯೇ ಹೇಳುತ್ತದೆ. ಅದಕ್ಕೇ ಆ ಮಾತಿನ ಜಾಗ ನೋಟಿಸ್ ಫೈಲು.

ನಿಮ್ಮ ಪ್ಯಾಕೇಜ್ 'ಜಕಾರ್ತಾ' ಎಂದು ಶುರುವಾಗುವುದಾದರೆ ಇದೆಲ್ಲ ಬಿಡಿ. ಅದು ಎಕ್ಲಿಪ್ಸ್ ಫೌಂಡೇಶನ್‌ದು, ಆ ಸ್ಪೆಕ್‌ನ ಲೈಸೆನ್ಸ್ ಬೇರೆಯೇ.